ಡೇಟು ಮುಗಿದ ರೀಲು

ಫಿಲ್ಮ್ ಡಬ್ಬಿಯ ಮೇಲೆ ಅಚ್ಚು ಹಾಕಿದ ತಾರೀಖು ತಂಪು ಊರಿನ ಲೆಕ್ಕ. ನಮ್ಮ ಸ್ಟುಡಿಯೋಗಳಿಗೆ ಬರುತ್ತಿದ್ದ ‘ಇಂದು’ ರೀಲು ತಯಾರಾಗುತ್ತಿದ್ದದ್ದು ಊಟಿಯಲ್ಲಿ. 1960ರಲ್ಲಿ ಸ್ಥಾಪನೆಯಾಗಿ 1967ರಿಂದ ಫಿಲ್ಮ್ ಮಾಡತೊಡಗಿದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಕೇಂದ್ರ ಸರ್ಕಾರದ ಕಾರ್ಖಾನೆಯದು ಅದು. ಅಂಥ ಥಂಡಿಯಲ್ಲಿ ಹುಟ್ಟಿದ್ದನ್ನು ತಂದು ರಾಯಚೂರಿನ ತಗಡಿನ ಕೆಳಗಿನ ಅಟ್ಟದಲ್ಲಿ ಇಟ್ಟರೆ ಅದು ತಾರೀಖಿನ ದಾರಿ ಕಾಯುವುದಿಲ್ಲ. 40 ಡಿಗ್ರಿ ದಾಟಿದ ಏಪ್ರಿಲ್, ಮೇ ತಿಂಗಳ ಕಾವಿಗೆ ಫಿಲ್ಮಿನೊಳಗಿನ ಬೆಳ್ಳಿಯ ಕಣಗಳು ಬೆಳಕು ತಾಗದೆಯೇ ಕೆಡುತ್ತ ಹೋಗುತ್ತವೆ. ತೊಳೆದು ನೋಡಿದರೆ ನೆಗೆಟಿವ್ ತುಂಬ ಬೂದು ಪೊರೆ. ನಾನು ಕೆಲಸ ಕಲಿತ ಸ್ಟುಡಿಯೋದ ಉಸ್ತಾದರು ಅದನ್ನು ‘ಮಬ್ಬು ಹೊಡದೈತಿ’ ಎನ್ನುತ್ತಿದ್ದರು. ಬಿಸಿಲಿಗೆ ತಲೆ ತಿರುಗಿ ಕೂತ ಗಿರಾಕಿಗೂ ಅವರು ಅದೇ ಮಾತು ಬಳಸುತ್ತಿದ್ದರು.

ಅವರ ಅಂಗಡಿ ರಾಯಚೂರಿನ ತೀನ್ ಕಂದೀಲ್‌ನಿಂದ ಒಳಗೆ ಹೋಗುವ ಗಲ್ಲಿಯೊಂದರಲ್ಲಿತ್ತು. 2006ರ ಜನವರಿಯಲ್ಲಿ ಕೋನಿಕಾ ಮಿನೋಲ್ಟಾ ಕಂಪನಿ ಕ್ಯಾಮೆರಾ, ಫಿಲ್ಮ್ ಎರಡರ ವ್ಯವಹಾರವನ್ನೂ ಬಿಡುವುದಾಗಿ ಹೇಳಿತು. ಫಿಲ್ಮಿನ ಕಾಲ ಮುಗಿಯಿತೆಂದು ಗಂಜಿನ ಹಮಾಲರಿಗೂ ಗೊತ್ತಾಗುವ ಹೊತ್ತಿಗೆ, ಫೆಬ್ರವರಿ 2ರಂದು, ಉದ್ಯೋಗ ಖಾತ್ರಿ ಯೋಜನೆ ಶುರುವಾಯಿತು. ಮೊದಲ ಹಂತಕ್ಕೆ ಆಯ್ದ ದೇಶದ 200 ಜಿಲ್ಲೆಗಳಲ್ಲಿ ಕರ್ನಾಟಕದ್ದು ಐದು. ಅದರಲ್ಲಿ ರಾಯಚೂರೂ ಒಂದು. ಕೂಲಿ ಬೇಕೆಂದರೆ ಜಾಬ್ ಕಾರ್ಡ್ ಬೇಕು, ಜಾಬ್ ಕಾರ್ಡಿಗೆ ಮನೆಯ ದುಡಿಯುವವರೆಲ್ಲರ ಫೋಟೊ ಬೇಕು. ಅತ್ತ ಜಪಾನಿನಲ್ಲಿ ಫಿಲ್ಮಿನ ಬಾಗಿಲು ಹಾಕುತ್ತಿದ್ದರೆ, ಇತ್ತ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಹುಟ್ಟಿದ ಮೇಲೆ ಒಮ್ಮೆಯೂ ಕ್ಯಾಮೆರಾ ಮುಂದೆ ನಿಲ್ಲದವರು ಸಾಲುಗಟ್ಟಿ ನಿಂತರು.

ಉಸ್ತಾದರು ಆ ಕೆಲಸಕ್ಕೆಂದೇ ಡಿಜಿಟಲ್ ಕ್ಯಾಮೆರಾ ತಂದರು. ಪಂಚಾಯತಿ ಆಫೀಸಿನ ಗೋಡೆಗೆ ಚಾದರ ಕಟ್ಟುವುದು, ಬೆಂಚು ಹಾಕುವುದು, ಮನೆಮಂದಿಯನ್ನು ಕೂಡಿಸುವುದು, ‘ಯವ್ವಾ, ಸೆರಗು ಸ್ವಲ್ಪ ಹಿಂದಕ್ಕ ಸರಸು, ಮಾರಿ ಕಾಣಬೇಕು’ ಎನ್ನುವುದು ನನ್ನ ಕೆಲಸ. ಮುಖ ಸ್ಪಷ್ಟ, ಕಣ್ಣು ತೆರೆದಿರಬೇಕು, ಮುಂದಿನವರು. ದಿನವಿಡೀ ಅದನ್ನೇ ಮಾಡಿದವನಿಗೆ ಸಂಜೆ ಹೊತ್ತಿಗೆ ಮುಖಗಳೆಲ್ಲ ಒಂದೇ ಆಗಿಬಿಡುತ್ತಿದ್ದವು. ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕ ಒಂದು ರಟ್ಟಿನ ಪೆಟ್ಟಿಗೆಯನ್ನು ಉಸ್ತಾದರು ನನ್ನ ಕಡೆ ನೂಕಿದ್ದು ಆ ದಿನಗಳಲ್ಲಿಯೇ. ಕಪ್ಪು-ಬಿಳುಪಿನ ‘ಇಂದು’ ರೀಲುಗಳು, ಕೆಲವು ಬಣ್ಣದವು, ಎಲ್ಲವೂ ಡೇಟು ದಾಟಿದವು. ಜೊತೆಗೆ ಅವರ ಹಳೆಯ ಯಾಶಿಕಾ 635. ‘ಒಗೀಬೇಕಂದ್ರ ಜೀವ ಬರವಲ್ದು. ನೀನ ಹಾಳ್ ಮಾಡು, ಹೋಗು’ ಎಂದರು.

ಯಾಶಿಕಾ 635 ನಮ್ಮ ಕಡೆಯ ಸ್ಟುಡಿಯೋದವರ ನೆಚ್ಚಿನ ಪೆಟ್ಟಿಗೆ. ಮೇಲೊಂದು ಕೆಳಗೊಂದು ಲೆನ್ಸು. ದೊಡ್ಡ ರೀಲು ಹಾಕಿದರೆ 12 ಚೌಕ ಫೋಟೊ. ಬೇಕೆಂದರೆ ಸಣ್ಣ ರೀಲೂ ಹಿಡಿಸುವ ಸಲಕರಣೆ ಇರುತ್ತಿತ್ತು. ಅದನ್ನು ಕಣ್ಣಿಗೆ ಹಿಡಿಯುವಂತಿಲ್ಲ. ಎದೆಯ ಕೆಳಗೆ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಎಡದ್ದು ಬಲಕ್ಕೆ ಕಾಣುತ್ತದೆ. ಎದುರಿನವನು ಎಡಕ್ಕೆ ಸರಿದರೆ ಗಾಜಿನೊಳಗಿನವನು ಬಲಕ್ಕೆ ಸರಿಯುತ್ತಾನೆ. ರೂಢಿಯಾಗುವವರೆಗೆ ನಾನು ಹಿಂಬಾಲಿಸಿದವರೆಲ್ಲ ಚೌಕಟ್ಟಿನಿಂದ ಹೊರಗೆ ಹೋಗುತ್ತಿದ್ದರು. ದೇವದುರ್ಗದ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದ ಒಬ್ಬ ಅಜ್ಜಿ ಪಕ್ಕದವಳಿಗೆ, ‘ಪಾಪ, ಆ ಹುಡುಗ ಆಗಿಂದ ತನ್ನ ಹೊಟ್ಟಿ ತಾನ ನೋಡ್ಕೊಂತ ನಿಂತೈತಿ, ಏನರೆ ತಿಂದೈತೋ ಇಲ್ಲೋ ಕೇಳು’ ಎಂದಿದ್ದಳು.

ಹಳೆಯ ರೀಲಿನ ಬಗ್ಗೆ ಒಂದು ಅಂದಾಜಿನ ನಿಯಮವಿದೆ. ಹತ್ತು ವರ್ಷಕ್ಕೆ ಒಂದು ಸ್ಟಾಪಿನಂತೆ ಬೆಳಕು ಹೆಚ್ಚು ಕೊಡಬೇಕು ಎಂದು. ಅದು ನೆರಳಿನಲ್ಲಿ ಜೋಪಾನ ಮಾಡಿದ ರೀಲಿಗೆ. ನಮ್ಮ ಅಟ್ಟದ ಸರಕಿಗೆ ನಾನು ಎರಡು, ಒಮ್ಮೊಮ್ಮೆ ಮೂರು ಸ್ಟಾಪು ಕೊಡುತ್ತಿದ್ದೆ. ಲಂಡನ್ನಿನಲ್ಲೋ ಮಡಿಕೇರಿಯಲ್ಲೋ ಇದ್ದರೆ ಅಷ್ಟು ಬೆಳಕನ್ನು ಎಲ್ಲಿಂದ ತರಬೇಕು? ನಮ್ಮಲ್ಲಿ ಮಳೆಗೆ ಬರ, ಬಿಸಿಲಿಗಲ್ಲ. ರೀಲನ್ನು ಕೆಡಿಸಿದ ಬಿಸಿಲೇ ಅದರ ಸಾಲವನ್ನೂ ತೀರಿಸುತ್ತಿತ್ತು. ತೊಳೆಯುವಾಗ ಮಾತ್ರ ಪೇಚಾಟ. ಕಪ್ಪು-ಬಿಳುಪಿನ ಡೆವಲಪರಿಗೆ ಪುಸ್ತಕ ಹೇಳುವ ಉಷ್ಣತೆ 20 ಡಿಗ್ರಿ. ರಾತ್ರಿ ಹರವಿಯಲ್ಲಿಟ್ಟ ನೀರಿಗೆ ಬರ್ಫು ಹಾಕಿದರೂ ಅಲ್ಲಿಗೆ ತರುವುದು ಕಷ್ಟ; ನೀರು ಬಿಸಿಯಾದರೆ ಮೊದಲೇ ಇದ್ದ ಮಬ್ಬು ಇನ್ನಷ್ಟು ಏರುತ್ತದೆ. ಬಣ್ಣದ ರೀಲಿಗೆ ಬೇಕಾದದ್ದು 37.8 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಟಾಕಿಯ ನಳ ತಿರುವಿದರೆ ಹೆಚ್ಚುಕಡಿಮೆ ಅದೇ ಬರುತ್ತಿತ್ತು. ಜಗತ್ತಿನ ಲ್ಯಾಬುಗಳು ಹೀಟರ್ ಹಾಕಿ ಸಾಧಿಸುವುದನ್ನು ರಾಯಚೂರು ಪುಕ್ಕಟೆ ಕೊಡುತ್ತದೆ ಎಂದು ಉಸ್ತಾದರು ಹೆಮ್ಮೆಪಡುತ್ತಿದ್ದರು. ಹಾಗೆ ತೊಳೆದ ಬಣ್ಣದ ರೀಲಿನಲ್ಲಿ ನೆರಳುಗಳೆಲ್ಲ ಹಸಿರಿಗೆ ತಿರುಗಿ, ಬಿಳಿ ಧೋತರಗಳು ಗುಲಾಬಿಯಾಗಿ ಬರುತ್ತಿದ್ದವು.

ಬೀದಿ ಫೋಟೊಗ್ರಫಿಯ ಬಗ್ಗೆ ನಾನು ಓದಿದ್ದು ಆಮೇಲೆ. ಹೆನ್ರಿ ಕಾರ್ಟಿಯೇ ಬ್ರೆಸನ್ ತನ್ನ ಲೈಕಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಅಂಟಿಸಿ, ಯಾರಿಗೂ ಗೊತ್ತಾಗದಂತೆ ಕ್ಲಿಕ್ ಮಾಡುತ್ತಿದ್ದನಂತೆ. ಪ್ಯಾರಿಸ್ಸಿನಲ್ಲಿ ನಡೆದೀತು. ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೂ ಗೊತ್ತಾಗದಂತೆ ಸೀನುವುದೂ ಸಾಧ್ಯವಿಲ್ಲ. ಕ್ಯಾಮೆರಾ ಹೊರಗೆ ತೆಗೆದ ಕೂಡಲೆ ಮೊದಲು ಹುಡುಗರು, ಅವರ ಹಿಂದೆ ದೊಡ್ಡವರು. ‘ಯಾವೂರ್ರಿ? ಯಾರ ಪೈಕಿ? ಪೇಪರಿನವರೇನು?’ ಎರಡು ನಿಮಿಷದಲ್ಲಿ ನನ್ನ ಸೋದರಮಾವನ ಊರಿನ ಬಾವಿಯವರೆಗೆ ಸಂಬಂಧ ಹುಡುಕಿ, ಪರಿಚಯ ಮುಗಿಸಿ, ಅಂಗಿ ಗುಂಡಿ ಹಾಕಿಕೊಂಡು ನೆಟ್ಟಗೆ ನಿಲ್ಲುತ್ತಿದ್ದರು. ಬೀಡಿ ಬಿಸಾಡುವುದು, ರುಮಾಲು ಸರಿಮಾಡುವುದು, ಪಕ್ಕದವನ ಕೈಗಡಿಯಾರ ಇಸಿದುಕೊಂಡು ಕಟ್ಟುವುದು. ‘ಇದ್ದಂಗ ಇರ್ರಿ’ ಎಂದರೆ ಅವಮಾನವಾದಂತೆ ನೋಡುತ್ತಿದ್ದರು. ನನಗೂ ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ಅವರ ಮಾತೇ ಸರಿ ಅನ್ನಿಸಿತು: ತಾನು ಹೇಗೆ ಕಾಣಬೇಕೆಂದು ಹೇಳುವ ಹಕ್ಕು ನಿಂತವನದು, ಅದನ್ನು ಕದ್ದು ತೆಗೆಯುವುದೇ ಕಲೆ ಎನ್ನುವ ವಾದ ನನಗೆ ಇಂದಿಗೂ ಒಗ್ಗಿಲ್ಲ.

ಆದರೆ ನನ್ನ ರೀಲಿನ ಸಂಗತಿ ಹೇಳಬೇಕಿತ್ತಲ್ಲ. ಹೇಳುತ್ತಿದ್ದೆ. ‘ಇದು ಡೇಟು ಮುಗಿದ ರೀಲು. ಬಂದ್ರ ಬಂತು, ಇಲ್ಲಂದ್ರ ಇಲ್ಲ. ಬಂದ್ರ ಪುಕ್ಕಟ ಕೊಡ್ತೀನಿ.’ ಈ ಕರಾರಿಗೆ ಒಪ್ಪದವರು ಕಡಿಮೆ. ಮಳೆ ನಂಬಿ ಬಿತ್ತುವವರಿಗೆ ‘ಬಂದ್ರ ಬಂತು’ ಎನ್ನುವ ಮಾತು ಹೊಸದೇನಲ್ಲ. ಒಬ್ಬ ಕುರಿಗಾರ ಮಾತ್ರ ಕೇಳಿದ: ‘ಹಂಗಾದ್ರ ಬರೋ ರೀಲು ಯಾರಿಗೆ ಹಾಕ್ತೀಯೋ ತಮ್ಮಾ?’

ಆ ಪ್ರಶ್ನೆಗೆ ಉತ್ತರ ನಮ್ಮ ಸ್ಟುಡಿಯೋದಲ್ಲೇ ಇತ್ತು. ಬರುವ ರೀಲು ಮದುವೆಯವರಿಗೆ, ಲೀಡರುಗಳಿಗೆ, ಪಾಸ್‌ಪೋರ್ಟ್ ಸೈಜಿಗೆ ದುಡ್ಡು ಕೊಡುವವರಿಗೆ.

ಯಾರನ್ನು ಉಳಿಸಬೇಕೆಂಬ ಈ ಲೆಕ್ಕ ಹೊಸದಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದು ಕಲ್ಲಿದೆ. 1294ರ ಶಾಸನ ಅದರ ಮೇಲೆ. ಕೋಟೆ ಕಟ್ಟಿಸಿದ ದೊರೆ, ದಂಡನಾಯಕರ ಹೆಸರುಗಳು ಅದರಲ್ಲಿವೆ. ಆ ಕಲ್ಲನ್ನು ಕ್ವಾರಿಯಿಂದ ತಂದ ಬಗೆಯನ್ನೂ ಅದೇ ಗೋಡೆಯ ಮೇಲೆ ಯಾರೋ ಕೊರೆದಿದ್ದಾರೆ: ಗಟ್ಟಿ ಗಾಲಿಯ ಬಂಡಿ, ಉದ್ದಕ್ಕೆ ಹೂಡಿದ ಕೋಣಗಳು, ಅವನ್ನು ಹುರಿದುಂಬಿಸುತ್ತಿರುವ ಆಳುಗಳು. ಕೋಟೆ ನೋಡಲು ಬಂದವರೆಲ್ಲ ಶಾಸನದ ಉದ್ದ ಕೇಳಿ ಬೆರಗಾಗಿ ಹೋಗುತ್ತಾರೆ. ನಾನು ನಿಲ್ಲುತ್ತಿದ್ದದ್ದು ಈ ಗೆರೆಚಿತ್ರದ ಮುಂದೆ. ನಮ್ಮೂರಿನ ಬೀದಿಯ ಮಂದಿಯ ಮೊದಲ ಫೋಟೊ ಅದೇ ಎಂದು ಉಸ್ತಾದರ ಹತ್ತಿರ ವಾದ ಮಾಡಿದ್ದೆ. ‘ಹೌದು, ಹೆಸರು ಬರ್ಸಿದವ್ರು ಮ್ಯಾಲ, ಎಳೆದವ್ರು ಕೆಳಗ’ ಎಂದರು. ಕಾರಹುಣ್ಣಿಮೆಗೆ ಈಗಲೂ ರಾಯಚೂರಿನಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಪಂದ್ಯ ನಡೆಯುತ್ತದೆ. ಅದರಲ್ಲಿ ಎತ್ತಿನ ಹಿಂದೆ ಓಡುವವರನ್ನು ಹಳೆಯ ರೀಲಿನಲ್ಲಿ ತೆಗೆದಿದ್ದೆ; ಧೂಳೋ ಮಬ್ಬೋ ಹೇಳಲಾಗದಂತೆ ಬಂದವು, ಒಂದೂ ಕೊಡುವ ಹಾಗಿರಲಿಲ್ಲ.

ರಾಯಚೂರಿನಿಂದ ಹೊರಟು ಕಲ್ಮಲ ದಾಟಿದರೆ ಒಂದು ದಾರಿ ಗಬ್ಬೂರಿನ ಮೇಲೆ ದೇವದುರ್ಗಕ್ಕೆ, ಇನ್ನೊಂದು ನೀರಮಾನ್ವಿಯ ಗುಡ್ಡ ತೋರಿಸುತ್ತ ಮಾನ್ವಿಗೆ. ಎರಡೂ ತಾಲೂಕು ಒಂದೇ ಜಿಲ್ಲೆಯವಾದರೂ ಬಸ್‌ಸ್ಟ್ಯಾಂಡುಗಳು ಬೇರೆ ಬೇರೆ ಕಥೆ ಹೇಳುತ್ತಿದ್ದವು. ದೇವದುರ್ಗದ್ದು ಹೋಗುವವರದು. ಸುಗ್ಗಿ ಮುಗಿದರೆ ಗುಳೆ. ಸಂಜೆಯ ಬೆಂಗಳೂರು ಬಸ್ಸಿಗೆ ಮಧ್ಯಾಹ್ನದಿಂದಲೇ ಬಂದು ಕೂತಿರುತ್ತಿದ್ದರು: ಪ್ಲಾಸ್ಟಿಕ್ ಕೊಡ, ಹಿಟ್ಟಿನ ಚೀಲ, ಒಲೆ ಹಚ್ಚುವ ಬಾಣಲೆ, ಮಡಿಲಲ್ಲಿ ಕೂಸು. ಬೆಂಗಳೂರಿನ ಕಟ್ಟಡಗಳ ಇಟ್ಟಿಗೆ ಹೊರುವವರಲ್ಲಿ ಎಷ್ಟೋ ಜನ ಈ ಬಸ್‌ಸ್ಟ್ಯಾಂಡಿನಿಂದ ಹತ್ತಿದವರು. ಅಲ್ಲಿ ತೆಗೆದ ಫೋಟೊಗಳೇ ನನ್ನ ಪೆಟ್ಟಿಗೆಯಲ್ಲಿ ಹೆಚ್ಚು, ಕಾಯುವವರಿಗೆ ಪುರುಸೊತ್ತಿರುತ್ತಿತ್ತು. ಹೆಸರು, ಊರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ‘ಫೋಟೋ ಎಲ್ಲಿಗೆ ಕೊಡ್ಲಿ?’ ಎಂದರೆ ಬೆಂಗಳೂರಿನ ವಿಳಾಸ ಯಾರಿಗೂ ಗೊತ್ತಿಲ್ಲ. ಮೇಸ್ತ್ರಿ ಎಲ್ಲಿ ಇಳಿಸಿದರೆ ಅಲ್ಲಿ. ‘ಅಲಾಯಿ ಹಬ್ಬಕ್ಕ ಬರ್ತೀವ್ರಿ, ಆವಾಗ ಕೊಡ್ರಿ’ ಎನ್ನುತ್ತಿದ್ದರು. ನಮ್ಮ ಕಡೆ ಮೊಹರಂಗೆ ಎಲ್ಲ ಜಾತಿಯವರೂ ಊರಿಗೆ ಮರಳುತ್ತಾರೆ. ದೀಪಾವಳಿಗೆ ಬರದವನು ಅಲಾಯಿಗೆ ಬಂದೇ ಬರುತ್ತಾನೆ. ಹಾಗಾಗಿ ನನ್ನ ಪ್ರಿಂಟುಗಳ ಬಟವಾಡೆ ನಡೆಯುತ್ತಿದ್ದದ್ದು ಅಲಾಯಿ ಕುಣಿಯ ಸುತ್ತ. ಹೆಜ್ಜೆ ಹಾಕುವವರನ್ನು ನಡುವೆ ಹಿಡಿದು ಕೈಗೆ ಕೊಡುವುದು.

ಕೊಟ್ಟ ಮೇಲೆ ಸಿಗುತ್ತಿದ್ದ ಅಭಿಪ್ರಾಯ ಕೇಳಲು ಎದೆಗಟ್ಟಿ ಬೇಕಿತ್ತು. ‘ಇದೇನ್ರಿ, ಮಸಿ ಮಸಿ ಬಂದೈತಿ.’ ‘ನಾ ಇಷ್ಟ್ ಕರಿ ಇಲ್ಲಲ್ರಿ.’ ‘ನಮ್ಮವ್ವ ಹೊಗಿಯೊಳಗ ಕುಂತಂಗ ಕಾಣ್ತಾಳ.’ ಬೆಂಗಳೂರಿನಿಂದ ಬಂದಿದ್ದ ಗೆಳೆಯನೊಬ್ಬ ಅದೇ ಪ್ರಿಂಟು ನೋಡಿ, ಏನು ಆಳ, ಏನು ವಿಷಾದ ಎಂದು ತಲೆದೂಗಿದ್ದ. ವಿಷಾದ ಫಿಲ್ಮಿನದು. ಆ ಹೆಂಗಸು ಅಂದು ಮಗನ ಮದುವೆ ಗೊತ್ತಾಗಿ ಬಲು ಖುಷಿಯಲ್ಲಿದ್ದಳು. ನಗುತ್ತಿದ್ದ ಹಲ್ಲುಗಳನ್ನು ಮಬ್ಬು ನುಂಗಿತ್ತು, ಅಷ್ಟೆ.

ಮಾನ್ವಿಯ ಬಸ್‌ಸ್ಟ್ಯಾಂಡು ಬರುವವರದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ಅಕ್ಕಿ ಗಿರಣಿ, ನಾಟಿಗೆ ಬಂದ ಕೂಲಿಯವರು, ಕ್ಯಾಂಪುಗಳ ತೆಲುಗಿನವರು, ಜಗನ್ನಾಥದಾಸರ ಸನ್ನಿಧಿಗೆ ಬಂದ ಮಡಿಯವರು. ಕಾಲುವೆಯ ಕೊನೆಯ ಭಾಗದ ಹಳ್ಳಿಗಳಿಗೆ ನೀರು ಮುಟ್ಟದೆ ಪ್ರತಿ ವರ್ಷ ಗದ್ದಲವಾಗುತ್ತಿದ್ದದ್ದೂ ಇದೇ ಊರಿನ ರಸ್ತೆಯಲ್ಲಿ. ಅಲ್ಲಿಯೇ ನಾನು ದೊಡ್ಡ ರೀಲಿನ ಇನ್ನೊಂದು ಚೇಷ್ಟೆ ಕಂಡದ್ದು. ಆ ರೀಲಿನ ಹಿಂದೆ ಕಾಗದದ ಪಟ್ಟಿ ಇರುತ್ತದೆ. ಪಟ್ಟಿಯ ಮೇಲೆ 1, 2, 3 ಎಂದು ಅಂಕಿ. ವರ್ಷಗಟ್ಟಲೆ ಕಾವಿನಲ್ಲಿ ಒತ್ತಿಕೊಂಡು ಕೂತರೆ ಕಾಗದದ ಅಂಕಿ ಫಿಲ್ಮಿಗೆ ಅಂಟಿ, ಫೋಟೊದಲ್ಲಿ ತೇಲಿ ಬರುತ್ತದೆ. ಗಿರಣಿ ಮುಂದೆ ಚೀಲ ಹೊಲಿಯುತ್ತಿದ್ದ ಒಬ್ಬರ ರುಮಾಲಿನ ಪಕ್ಕದಲ್ಲಿ ಸ್ಪಷ್ಟವಾಗಿ 7 ಮೂಡಿತ್ತು. ಪ್ರಿಂಟು ಕೊಟ್ಟಾಗ ತಿರುಗಿಸಿ ಮುರುಗಿಸಿ ನೋಡಿದರು. ‘ಇದ್ಯಾಕೋ ಜೇಲಿನ ನಂಬರ್ ಇದ್ದಂಗ ಐತಲ್ಲೋ ಮಾರಾಯ. ನಾ ಏನ್ ಮಾಡೀನಿ?’ ರೇಷನ್ ಕಾರ್ಡು, ವೋಟಿನ ಕಾರ್ಡು, ಜಾಬ್ ಕಾರ್ಡು ಮೂರಕ್ಕೂ ಮುಖ ಕೊಟ್ಟವರು ಅವರು. ಮೂರರಲ್ಲೂ ಮುಖದ ಪಕ್ಕ ಒಂದು ನಂಬರು. ನನ್ನದರಲ್ಲಿಯೂ ಅದು ತಪ್ಪಲಿಲ್ಲ. ನಕ್ಕು, ಮಡಿಚಿ, ಜೇಬಿಗೆ ಇಟ್ಟುಕೊಂಡರು.

ಸ್ಟುಡಿಯೋ ಕೆಲಸದಲ್ಲಿ ತೀರಿಹೋದವರ ಫೋಟೊ ದೊಡ್ಡದು ಮಾಡುವುದು ಒಂದು ಮುಖ್ಯ ಬಾಬತ್ತು. ಹಾರ ಹಾಕುವ ಚೌಕಟ್ಟಿಗೆ ಮುಖ ಬೇಕು, ಮನೆಯಲ್ಲಿ ಇರುವುದು ಮದುವೆ ಗುಂಪಿನಲ್ಲಿ ಅವರೆಕಾಳಷ್ಟು ಗಾತ್ರದ ಮುಖ. ಒಮ್ಮೆ ದೇವದುರ್ಗ ಕಡೆಯ ಅಣ್ಣತಮ್ಮಂದಿರಿಬ್ಬರು ತಂದೆಯ ಎರಡು ಫೋಟೊ ಹಿಡಿದು ಬಂದರು. ಒಂದು ಜಾಬ್ ಕಾರ್ಡಿನದು. ಇನ್ನೊಂದು ನಾನೇ ಕೊಟ್ಟಿದ್ದು: ಬೇವಿನ ಮರದ ಕೆಳಗೆ ಕೋಲೂರಿ ನಿಂತ ಮನುಷ್ಯ, ಅರ್ಧ ಮುಖ ಮಬ್ಬು. ನಾನು ನನ್ನದರ ಪರವಾಗಿ ಮಾತಾಡಿದೆ. ನಿಲುವು ನೋಡ್ರಿ, ಗತ್ತು ನೋಡ್ರಿ ಎಂದೆ. ತಮ್ಮ ಸ್ವಲ್ಪ ವಾಲಿದ. ಅಣ್ಣ ಮಾತ್ರ ಜಾಬ್ ಕಾರ್ಡಿನ ಮೇಲೆ ಬೆರಳಿಟ್ಟ. ‘ಇದ್ರಾಗ ಅಪ್ಪ ನಮ್ಮನ್ನ ನೋಡ್ತಾನ.’ ಚಾದರದ ಮುಂದೆ ಕೂಡಿಸಿ, ಕಣ್ಣು ತೆರೀರಿ ಎಂದು ಹೇಳಿ ಮುಂದಿನವರನ್ನು ಕರೆದ ಆ ಫೋಟೊವನ್ನೇ ದೊಡ್ಡದು ಮಾಡಿದೆವು. ಅಂದಿನಿಂದ ಪಂಚಾಯತಿ ಬೆಂಚಿನ ಕೆಲಸವನ್ನು ನಾನು ಅವಸರದಲ್ಲಿ ಮಾಡಲಿಲ್ಲ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಮಳೆ ಸುರಿದು ಕೃಷ್ಣೆ, ತುಂಗಭದ್ರೆ ಎರಡೂ ದಂಡೆ ಮೀರಿದವು. ಮಂತ್ರಾಲಯವೇ ಮುಳುಗಿತ್ತು. ಮಾನ್ವಿ ಕಡೆಯ ನದಿದಂಡೆಯ ಮಂದಿ ಶಾಲೆಗಳಲ್ಲಿ ಬಂದು ಕೂತಿದ್ದರು. ಗೆಳೆಯರು ಯಾಶಿಕಾ ತಗೊಂಡು ಹೋಗು, ಇಂಥದ್ದು ಮತ್ತೆ ಸಿಗುವುದಿಲ್ಲ ಎಂದರು. ನಾನು ಡಿಜಿಟಲ್ ತೆಗೆದುಕೊಂಡು ಹೋದೆ. ಕ್ಯಾಮೆರಾ ಕಂಡವರು ಕೇಳಿದ್ದು ಒಂದೇ: ‘ಪರಿಹಾರಕ್ಕ ಏನ್ರಿ?’ ಬಿದ್ದ ಗೋಡೆಯ ಮುಂದೆ, ಸತ್ತ ಎಮ್ಮೆಯ ಪಕ್ಕದಲ್ಲಿ ನಿಲ್ಲುತ್ತಿದ್ದರು. ಅಲ್ಲಿ ‘ಬಂದ್ರ ಬಂತು’ ಎನ್ನುವ ಕರಾರು ನಡೆಯುವಂತಿರಲಿಲ್ಲ. ಮುಂದೆ ‘ಆಸರೆ’ ಯೋಜನೆಯಲ್ಲಿ ಮನೆಗಳನ್ನು ಕಟ್ಟುವಾಗ ಆ ಫೋಟೊಗಳ ಪ್ರತಿ ಕೇಳಿಕೊಂಡು ಬಂದವರಿದ್ದರು. ತೊಯ್ದ ಆಲ್ಬಮ್ ಹಿಡಿದು ಬಂದವರಿಗೆ ನಾವು ಹೇಳುತ್ತಿದ್ದದ್ದು, ಎಳೆದು ಬಿಡಿಸಬ್ಯಾಡ್ರಿ, ಸ್ವಚ್ಛ ನೀರಾಗ ತೇಲಬಿಡ್ರಿ ಎಂದು. ಕೆಲವು ಬಿಟ್ಟವು, ಕೆಲವು ಜೋಡಿಯಾಗಿಯೇ ಹೋದವು.

2012ರಲ್ಲಿ ಕೊಡಾಕ್ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋದ ಸುದ್ದಿ ಪೇಪರಿನಲ್ಲಿ ಬಂದಾಗ ಉಸ್ತಾದರು ಅಂಗಡಿಯನ್ನು ಆಗಲೇ ಜೆರಾಕ್ಸಿಗೆ ತಿರುಗಿಸಿದ್ದರು. ಈಗ ಡೇಟು ಮುಗಿದ ರೀಲಿಗೆ ಶೋಕಿ ಬಂದಿದೆ. ಮಬ್ಬಿಗೆಂದೇ ದುಡ್ಡು ಕೊಟ್ಟು ಕೊಳ್ಳುತ್ತಾರೆ, ಫೋನಿನಲ್ಲಿ ಮಬ್ಬು ಹಚ್ಚುವ ಆ್ಯಪುಗಳೂ ಇವೆ. ಶಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದ ವಿವಿಯನ್ ಮೇಯರ್ ಎಂಬಾಕೆಯ ಪೆಟ್ಟಿಗೆಗಳು 2007ರಲ್ಲಿ ಹರಾಜಿಗೆ ಬಂದು, ತೊಳೆಯದೇ ಬಿಟ್ಟ ರಾಶಿ ರೀಲುಗಳಿಂದ ಆಕೆ ಜಗತ್ಪ್ರಸಿದ್ಧಳಾದ ಕಥೆಯನ್ನು ಯುವಕರು ನನಗೆ ಹೇಳುತ್ತಾರೆ. ಆಕೆಯೂ ತಲೆ ತಗ್ಗಿಸಿ ನೋಡುವ ಇಂಥದೇ ಎರಡು ಲೆನ್ಸಿನ ಪೆಟ್ಟಿಗೆ ಹಿಡಿದವಳು, ಅದ್ಭುತ ಕಣ್ಣು. ಆದರೆ ನಮ್ಮ ಊರುಗಳಲ್ಲಿ ತೊಳೆಯದೆ ಇಟ್ಟುಕೊಳ್ಳಲು ಬಿಡುತ್ತಿದ್ದರೇ? ಮೂರನೇ ವಾರಕ್ಕೆ ಮನೆ ಹುಡುಕಿಕೊಂಡು ಬರುತ್ತಿದ್ದರು. ನನಗೆ ಆದರ್ಶ ನಮ್ಮ ಮೈಸೂರಿನ ಟಿ. ಎಸ್. ಸತ್ಯನ್. ಶಾಲೆಯ ಹುಡುಗರನ್ನೋ ದಾರಿಯ ಮುದುಕರನ್ನೋ ತೆಗೆದರೂ ಅವರ ಫೋಟೊಗಳಲ್ಲಿ ಮುಖ ಮುಖವಾಗಿಯೇ ಇರುತ್ತದೆ. ಮಬ್ಬನ್ನು ನಾನು ದ್ವೇಷಿಸುವುದಿಲ್ಲ. ಬಡವರ ಮುಖದ ಮೇಲೆ ಅದು ಬಿದ್ದಾಗ ಮಾತ್ರ ಅದರಲ್ಲಿ ಚಂದ ಕಾಣುವವರನ್ನು ಕಂಡರೆ ಸ್ವಲ್ಪ ಸಿಟ್ಟು.

ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತು ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿದೆ. ನೋಟ್‌ಬುಕ್ಕಿನ ಜೊತೆ ತಾಳೆ ನೋಡಿದರೆ ಬಹುತೇಕ ಹೆಸರು ಸಿಕ್ಕವು. ಒಂದಕ್ಕೆ ಮಾತ್ರ ‘ಮಾನ್ವಿ, ಛತ್ರಿ’ ಎಂದಷ್ಟೇ ಬರೆದಿದ್ದೆ; ಹೆಸರು ಹೇಳುವ ಮೊದಲೇ ಬಸ್ಸು ಬಂದಿರಬೇಕು. ಕೈಯಲ್ಲಿ ಛತ್ರಿ, ಕಿವಿಯಲ್ಲಿ ಒಂಟಿ, ಮುಖ ಅಂದಾಜಿಗೆ. ಮಾನ್ವಿಯ ಪರಿಚಯದವರೊಬ್ಬರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿಸಿದೆ. ಸಂಜೆಯೊಳಗೆ ಮೂರು ಮನೆಯವರು ಹಕ್ಕು ಸಾಧಿಸಿದರು. ಒಬ್ಬರಿಗೆ ಅದು ಸೋದರಮಾವ, ಒಂಟಿಯೇ ಗುರುತು. ಇನ್ನೊಬ್ಬರಿಗೆ ದೊಡ್ಡಪ್ಪ, ಛತ್ರಿಯ ಹಿಡಿಕೆ ಇನ್ನೂ ಮನೆಯಲ್ಲಿದೆಯಂತೆ. ಮೂರನೆಯವರು ತೆಲುಗಿನಲ್ಲಿ ಉದ್ದಕ್ಕೆ ಬರೆದರು, ನಿಲ್ಲುವ ವೈಖರಿ ನೋಡಿದರೆ ತಮ್ಮ ತಾತನೇ ಎಂದು. ನಾನು ಆ ಮುಖವನ್ನು ಕಂಪ್ಯೂಟರಿನಲ್ಲಿ ಎಷ್ಟು ಹಿಗ್ಗಿಸಿದರೂ ಕಾಳು ಕಾಳಾಗಿ ಒಡೆಯುತ್ತಿತ್ತೇ ಹೊರತು ಯಾರ ಕಡೆಗೂ ಸಾಕ್ಷಿ ಹೇಳಲಿಲ್ಲ. ವಾದ ಬೆಳೆದು, ಗ್ರೂಪಿನ ಅಡ್ಮಿನ್ ನನಗೆ ಫೋನ್ ಮಾಡಿದ. ‘ಸರ, ಜಗಳ ಬ್ಯಾಡ. ಮೂರೂ ಮನಿಗೆ ಒಂದೊಂದು ಪ್ರಿಂಟ್ ಹಾಕಿಸಿ ಕೊಟ್ಟುಬಿಡ್ರಿ.’ ಕೊಟ್ಟೆ. ದೊಡ್ಡಪ್ಪನ ಮನೆಯವರು ಕಟ್ಟು ಹಾಕಿಸುವ ಮೊದಲು ಸ್ವಲ್ಪ ಬೆಳ್ಳಗೆ ಮಾಡಿಕೊಡಲು ಸಾಧ್ಯವೇ ಎಂದು ಕೇಳಿದರು.